ಬರೀ ನೀರಿದೆ ಅಂತ ಹೇಳು

ನಮ್ಮ ವರ್ಕ್‌ಶಾಪಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಎಂಜಿನ್ ತಣ್ಣಗಿಡುವ ಕೂಲೆಂಟ್ ಎಂದರೆ ಬಣ್ಣದ ನೀರು ಎಂದುಕೊಂಡಿರುತ್ತಾರೆ. "ಅಕ್ಕಾ, ಆ ಹಸಿರು ನೀರು ಒಂಚೂರು ಹಾಕ್ಬಿಡಿ" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಬಣ್ಣ ನೋಡಿ ಕೂಲೆಂಟ್ ಹಾಕುವುದೂ ಒಂದೇ, ಅಂಗಿ ನೋಡಿ ಅಳಿಯನನ್ನು ತರುವುದೂ ಒಂದೇ. ಒಂದು ಕಂಪನಿ ಹಸಿರು ಮಾಡಿದ್ದನ್ನೇ ಇನ್ನೊಂದು ಕಂಪನಿ ಗುಲಾಬಿ ಮಾಡುತ್ತದೆ. ಡಬ್ಬಿಯ ಹಿಂದೆ ಬರೆದದ್ದನ್ನು ಓದಬೇಕು, ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ಓದಬೇಕು. ಅರ್ಧ ಕೂಲೆಂಟ್, ಅರ್ಧ ಶುದ್ಧ ನೀರು, ಎರಡನ್ನೂ ಬೆರೆಸಿ ಹಾಕಬೇಕು. ಹಾಗೆ ಹಾಕಿದರೆ ಬಿಸಿಲಿನಲ್ಲಿ ಬೇಗ ಕುದಿಯುವುದಿಲ್ಲ, ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಒಳಗೆ ತುಕ್ಕು ಹಿಡಿಯುವುದಿಲ್ಲ. ಬರೀ ನೀರು ಈ ಮೂರರಲ್ಲಿ ಒಂದನ್ನೂ ಮಾಡುವುದಿಲ್ಲ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಹಿಗ್ಗಲು ಜಾಗ ಸಿಗದಿದ್ದರೆ ಎಂಜಿನ್ನಿನ ಎರಕದ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಇಷ್ಟನ್ನು ನಾನು ಮೂವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಹೋದ ಚಳಿಗಾಲದಲ್ಲಿ ನನ್ನ ತಮ್ಮನಿಗೆ ಮಾತ್ರ ಹೇಳಲಿಲ್ಲ.

ಈ ವರ್ಕ್‌ಶಾಪ್ ಅಪ್ಪನದು. ಮುಂದೆ ಎರಡು ಗಾಡಿ ನಿಲ್ಲುವಷ್ಟು ಜಾಗ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿನ ಚಿಲಕಕ್ಕೆ ಗ್ರೀಸು ಮೆತ್ತಿರುತ್ತದೆ, ಎಷ್ಟು ಒರೆಸಿದರೂ ಅಷ್ಟೇ. ಅಪ್ಪನ ಕೈಕೆಳಗೆ ನಾನೂ ತಮ್ಮನೂ ಕೆಲಸ ಕಲಿತೆವು. ರೇಡಿಯೇಟರ್ ಕೆಲಸ ನನ್ನ ಪಾಲಿಗೆ ಬಂತು, ಆಮೇಲೆ ಅದೇ ನನ್ನ ಹೆಸರಾಯಿತು. ಈಗಲೂ ಬೀದಿಯಲ್ಲಿ ಯಾರನ್ನಾದರೂ "ರೇಡಿಯೇಟರ್ ಅಕ್ಕ ಎಲ್ಲಿ?" ಎಂದು ಕೇಳಿದರೆ ನಮ್ಮ ಬಾಗಿಲು ತೋರಿಸುತ್ತಾರೆ. ನನಗೆ ಈ ಹೆಸರು ಸರಿಯಾಗಿಯೇ ಇದೆ ಎಂದು ತಮ್ಮ ಹೇಳುತ್ತಿದ್ದ, ಬೇಗ ಬಿಸಿಯಾಗುತ್ತೀಯ ಎಂದು.

ಅಪ್ಪ ತೀರಿಹೋದ ಮರುವರ್ಷ ನಮ್ಮಿಬ್ಬರ ಜಗಳ ನಡೆಯಿತು. ಹಳೆಯ ಗಿರಾಕಿಯೊಬ್ಬರ ಗಾಡಿಗೆ ಕೂಲೆಂಟ್ ಸ್ವಲ್ಪ ಕಡಿಮೆಯಾಗಿತ್ತು. ತಮ್ಮ ಕೈಗೆ ಸಿಕ್ಕಿದ ಡಬ್ಬಿ ತೆಗೆದು ಸುರಿದುಬಿಟ್ಟ. ಒಳಗೆ ನಾನು ಹಾಕಿದ್ದದ್ದು ಬೇರೆ ತರಹದ್ದು, ಇವನು ಹಾಕಿದ್ದು ಬೇರೆ ತರಹದ್ದು. ಎರಡೂ ಸೇರಿ ಒಳಗೆ ಗಟ್ಟಿ ಗಂಜಿಯಂತಾಗಿ, ಸಣ್ಣ ಸಣ್ಣ ಕೊಳವೆಗಳೆಲ್ಲ ಕಟ್ಟಿಕೊಂಡು, ಮೂರನೆಯ ದಿನ ಎಂಜಿನ್ ಸುಟ್ಟುಹೋಯಿತು. ಗಿರಾಕಿ ಬೈಯಲಿಲ್ಲ. ನಾನು ಬೈದೆ. ಬೀದಿಯ ಜನರೆಲ್ಲ ನಿಂತು ನೋಡುತ್ತಿರುವಾಗ, "ಅಪ್ಪ ಸತ್ತಿದ್ದು ಒಂದು ಸಲ, ಅವರ ಹೆಸರನ್ನ ನೀನು ಇವತ್ತು ಸಾಯಿಸಿದೆ. ಇನ್ನು ಮೇಲೆ ನಾನು ಹಾಕಿದ್ದರ ಮೇಲೆ ಕೈ ಹಾಕಿದ್ರೆ ಕೈ ಮುರೀತೀನಿ" ಎಂದೆ. ಸಣ್ಣ ವಯಸ್ಸಿನವನಲ್ಲ ಅವನು, ಆಗಲೇ ಮೂವತ್ತೆಂಟು. ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡ. ಬೆಟ್ಟದಾಚೆಯ ಊರಿನಲ್ಲಿ, ಇಲ್ಲಿಂದ ಐದು ಗಂಟೆಯ ದಾರಿ, ಒಂದು ಟೈರ್ ಅಂಗಡಿ ಸೇರಿದ. ಟೈರಿನೊಳಗೆ ಗಾಳಿ ಬಿಟ್ಟರೆ ಬೇರೇನೂ ತುಂಬಬೇಕಾಗಿಲ್ಲವಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನನ್ನ ಕೋಪ ಒಂದು ವಾರದಲ್ಲಿ ಇಳಿಯಿತು, ಆದರೆ ಮೊದಲು ಮಾತಾಡಬೇಕಾದವನು ಅವನು ಎಂದು ನಾನು, ಮೊದಲು ಮಾತಾಡಬೇಕಾದವಳು ನಾನು ಎಂದು ಅವನು, ಹೀಗೆ ನಾಲ್ಕು ವರ್ಷ ಕಳೆದವು. ವರ್ಷಕ್ಕೊಮ್ಮೆ ಅಮ್ಮನನ್ನು ನೋಡಲು ಬಂದು ಮೂರು ದಿನ ಇರುತ್ತಿದ್ದ. ಬಂದಾಗ ಗಾಡಿಯ ಕೀಲಿಯನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದ. ಬೆಟ್ಟದಾಚೆ ಮೆಕ್ಯಾನಿಕ್‌ಗಳಿಗೇನು ಬರ ಬಂದಿರಲಿಲ್ಲ, ಆದರೂ ನನ್ನ ಹೊರತು ಯಾರ ಕೈಗೂ ಗಾಡಿ ಕೊಡುತ್ತಿರಲಿಲ್ಲ. ನಾನೂ ಮಾತಿಲ್ಲದೆ ಎಲ್ಲವನ್ನೂ ಬಿಚ್ಚಿ, ತೊಳೆದು, ಬಿಗಿದು ಕೊಡುತ್ತಿದ್ದೆ.

ನಡುವೆ ಇದ್ದವಳು ಅಮ್ಮ. ಮೂವರೂ ಒಂದೇ ಮೇಜಿನ ಸುತ್ತ ಕೂತು ಊಟ ಮಾಡುತ್ತಿದ್ದರೂ ಮಾತು ಅಮ್ಮನ ಮೂಲಕವೇ ಹೋಗಬೇಕು. "ಅಮ್ಮಾ, ಅವಳಿಗೆ ಹೇಳು, ಬ್ರೇಕ್ ಒತ್ತಿದಾಗ ಎಡಗಡೆ ಎಳೆಯುತ್ತೆ ಅಂತ." "ಅಮ್ಮಾ, ಅವನಿಗೆ ಹೇಳು, ನನಗೂ ಕಿವಿ ಇದೆ, ನಿನ್ನೆ ಗಾಡಿ ಬಂದಾಗಲೇ ಗೊತ್ತಾಯ್ತು ಅಂತ." ಅಮ್ಮ ಮೊದಮೊದಲು ಅಳುತ್ತಿದ್ದಳು, ಆಮೇಲೆ ನಗುತ್ತಿದ್ದಳು, ಕೊನೆಗೆ ಎರಡೂ ಬಿಟ್ಟು ಸುಮ್ಮನೆ ಅತ್ತ ಒಮ್ಮೆ ಇತ್ತ ಒಮ್ಮೆ ತಲೆ ತಿರುಗಿಸುತ್ತಿದ್ದಳು. ಅವಳಿಗೆ ಎಪ್ಪತ್ತೊಂಬತ್ತು ವರ್ಷ, ಹೃದಯ ಮೊದಲೇ ದುರ್ಬಲವಾಗಿತ್ತು.

ಹೋದ ಚಳಿಗಾಲ ಅವನು ಒಂದು ಗುರುವಾರ ಬಂದ. ಶುಕ್ರವಾರ ನಾನು ಅವನ ರೇಡಿಯೇಟರ್ ತೆರೆದರೆ ಕೂಲೆಂಟ್ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಲ್ಲ ಇಳಿಸಿ, ಎರಡು ಸಲ ನೀರು ಹಾಯಿಸಿ ತೊಳೆದೆ. ಅವನ ಗಾಡಿಗೆ ಹೊಂದುವ ಕೂಲೆಂಟ್ ನನ್ನಲ್ಲಿ ಮುಗಿದಿತ್ತು, ಸೋಮವಾರ ಸರಬರಾಜಿನ ವ್ಯಾನ್ ಬರಬೇಕಿತ್ತು. ಅಷ್ಟು ತೊಳೆದ ಮೇಲೆ ಬೇರೆ ಯಾವುದಾದರೂ ಒಂದು ಒಳ್ಳೆಯ ಕೂಲೆಂಟ್ ಹಾಕಿದ್ದರೂ ಸದ್ಯಕ್ಕೆ ನಡೆಯುತ್ತಿತ್ತು. ಆದರೆ ಅವನ ಮುಂದೆ, ಅವನದೇ ಗಾಡಿಗೆ, ನಾನು ಬೇರೆ ಡಬ್ಬಿ ಎತ್ತುವುದೇ? ಸತ್ತರೂ ಇಲ್ಲ. ಬರೀ ನೀರು ತುಂಬಿ ಮುಚ್ಚಿದೆ. ನಮ್ಮ ಊರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ, ಸೋಮವಾರದ ತನಕ ಗಾಡಿ ಇಲ್ಲೇ ಇದ್ದರೆ ಏನೂ ತೊಂದರೆಯಿರಲಿಲ್ಲ.

ಸಂಜೆ ಅಮ್ಮನ ಮಂಚದ ಹತ್ತಿರ ಹೋಗಿ ಹೇಳಿದೆ. "ಅವನಿಗೆ ಹೇಳು. ಬರೀ ನೀರಿದೆ. ಸೋಮವಾರ ಕೂಲೆಂಟ್ ಹಾಕೋವರೆಗೂ ಬೆಟ್ಟ ಹತ್ತಬಾರದು ಅಂತ."

ಅಮ್ಮ, "ಸರಿ ಕಣೇ" ಎಂದಳು.

ಶನಿವಾರ ಬೆಳಿಗ್ಗೆ ಒಂದು ಬೇರಿಂಗ್ ತರಲು ನಾನು ಪೇಟೆಗೆ ಹೋದೆ. ಬರುವಷ್ಟರಲ್ಲಿ ಅವನ ಗಾಡಿ ಇರಲಿಲ್ಲ. ಟೈರ್ ಅಂಗಡಿಯ ಯಜಮಾನ ಫೋನ್ ಮಾಡಿ, ಕೆಲಸದವನೊಬ್ಬ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾನೆ, ಕೂಡಲೇ ಬಾ ಎಂದಿದ್ದನಂತೆ.

"ನೀರಿನ ವಿಷಯ ಹೇಳಿದ್ಯಾ?" ಎಂದೆ.

ಅಮ್ಮ ಹೊದಿಕೆಯ ಅಂಚು ಸರಿಮಾಡುತ್ತಾ, "ಇಲ್ಲ" ಎಂದಳು.

"ಮರೆತ್ಯಾ?"

"ಮರೀಲಿಲ್ಲ. ಹೇಳಲಿಲ್ಲ ಅಷ್ಟೇ. ನೀನೇ ಹೇಳು. ಫೋನಿದೆ, ಬಾಯಿದೆ. ನಿಮ್ಮಿಬ್ಬರ ನಡುವೆ ಟಪಾಲು ಹೊತ್ತು ಹೊತ್ತು ನಾನು ಸಾಕಾಗಿ ಹೋಗಿದೀನಿ. ನಾನು ಹೋದ ಮೇಲೆ ಯಾರನ್ನ ಹಿಡಿದು ಹೇಳಿಸ್ತೀರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಂಜಿನ್ ಒಡೆದುಹೋಗುತ್ತೆ ಅಮ್ಮ, ಇದು ಆಟದ ವಿಷಯ ಅಲ್ಲ" ಎಂದೆ. "ಆಟ ಆಡ್ತಿರೋದು ಯಾರು?" ಎಂದು ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ನನ್ನ ಹಠ ಎಲ್ಲಿಂದ ಬಂತೆಂದು ಕೇಳುವವರಿಗೆ ಅವಳ ಆ ಬೆನ್ನು ತೋರಿಸಬೇಕಿತ್ತು. ನಾನು ರೇಡಿಯೋ ಹಾಕಿ ಹವಾಮಾನ ಕೇಳಿದೆ. ಬೆಟ್ಟದಾಚೆ ಮಂಗಳವಾರದ ನಂತರ ಚಳಿ ಬಲಿಯುತ್ತದೆ ಎಂದರು. ಇನ್ನೂ ಮೂರು ದಿನವಿದೆ, ನಾಳೆಯ ಹೊತ್ತಿಗೆ ಅಮ್ಮ ಕರಗುತ್ತಾಳೆ, ಯಾವಾಗಲೂ ಕರಗುವುದು ಅವಳೇ ತಾನೆ ಎಂದುಕೊಂಡೆ.

ಪ್ರತಿ ಭಾನುವಾರ ಸಂಜೆ ಐದಕ್ಕೆ ತಮ್ಮ ಅಮ್ಮನಿಗೆ ಫೋನ್ ಮಾಡುತ್ತಾನೆ. ಆ ಭಾನುವಾರವೂ ಮಾಡಿದ. ನಾನು ಅಡುಗೆಮನೆಯ ತೊಟ್ಟಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆ. ಅಮ್ಮ ಊಟ, ನಿದ್ದೆ, ಮಂಡಿನೋವು ಎಲ್ಲ ಮಾತಾಡಿ, ಆಮೇಲೆ, "ಇರು, ನಿಮ್ಮಕ್ಕ ಏನೋ ಹೇಳಬೇಕಂತೆ" ಎಂದು ಫೋನನ್ನು ನನ್ನ ಕಡೆ ಚಾಚಿದಳು. ಮಂಚದಿಂದ ನನ್ನ ತನಕ ನಾಲ್ಕು ಹೆಜ್ಜೆ. ಅವಳು ತೋಳು ಇಳಿಸಲಿಲ್ಲ. ಫೋನಿನಿಂದ ಅವನ ಉಸಿರು ಕೇಳಿದಂತಾಯಿತು, ಅವನು ಕಾಯುತ್ತಿದ್ದ. "ಬರೀ ನೀರಿದೆ, ಇಳಿಸಿಬಿಡು" ಎನ್ನಲು ಎಷ್ಟು ಹೊತ್ತು ಬೇಕು?

ನಾನು ಸೋಪಿನ ಕೈ ತೋರಿಸಿ ತಲೆ ಅಲ್ಲಾಡಿಸಿದೆ. ನಾಲ್ಕು ವರ್ಷದ ಮೇಲೆ ಮೊದಲ ಮಾತು ನನ್ನದೇ ಆಗಬೇಕಾಯಿತಲ್ಲ ಎಂಬ ಒಂದೇ ಸಂಕಟಕ್ಕೆ ವರ್ಕ್‌ಶಾಪಿನ ಕಡೆಗೆ ಹೊರಟುಬಿಟ್ಟೆ. ಹಿಂದಿನಿಂದ ಅಮ್ಮ, "ಕೈ ಒದ್ದೆಯಂತೆ ಕಣೋ, ಆಮೇಲೆ ಮಾಡ್ತಾಳೆ" ಎನ್ನುವುದು ಕೇಳಿಸಿತು. ಆಗಲೂ ನನ್ನ ಮಾನ ಕಾಪಾಡಿದವಳು ಅವಳೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಲೋಟ ಬಿದ್ದ ಸದ್ದಾಯಿತು. ಒಳಗೆ ಹೋದರೆ ಅಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು, ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ಬೀದಿಯ ತುದಿಯಲ್ಲಿರುವ ಡಾಕ್ಟರಮ್ಮ ಓಡಿಬಂದರು. ಬಹಳ ಹೊತ್ತು ಎದೆಗೆ ಕೊಳವೆ ಇಟ್ಟು ಕೇಳಿ, ನನ್ನನ್ನು ಬಾಗಿಲಾಚೆ ಕರೆದರು. "ಆಸ್ಪತ್ರೆಗೆ ಸಾಗಿಸಿದ್ರೆ ದಾರೀಲೇ ಹೋಗ್ತಾರೆ. ಇಲ್ಲೇ ನೆಮ್ಮದಿಯಾಗಿರಲಿ. ಸಂಜೆ ದಾಟೋದು ಕಷ್ಟ. ಮಗನನ್ನ ಕರೆಸಿ" ಎಂದರು. ನಾನು ಅಮ್ಮನ ಹತ್ತಿರಕ್ಕೆ ಓಡಿದೆ. ಅಮ್ಮನ ಫೋನಿನಿಂದ ಡಾಕ್ಟರಮ್ಮನೇ ಅವನಿಗೆ ಹೇಳಿದರು. ಅವನು ಈಗಲೇ ಹೊರಟೆ ಎಂದನಂತೆ. ಒಂಬತ್ತಕ್ಕೆ ಹೊರಟರೆ ಎರಡು ಗಂಟೆಗೆ ಇಲ್ಲಿರುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಆ ಗಾಬರಿಯಲ್ಲಿ ನೀರಿನ ವಿಷಯ ನನ್ನ ತಲೆಯಿಂದ ಪೂರ್ತಿ ಹಾರಿಹೋಗಿತ್ತು.

ಅಮ್ಮನಿಗೆ ಎಚ್ಚರವಿತ್ತು. "ಚಿಕ್ಕೋನು ಹೊರಟ್ನಾ?" ಎಂದು ಕೇಳಿದಳು. ಹೊರಟ ಎಂದೆ. "ಹಾಗಾದ್ರೆ ನಾನು ಇರ್ತೀನಿ" ಎಂದು, ಬಸ್ಸಿಗೆ ಕಾಯುವವರು ಹೇಳುವ ಹಾಗೆ ಹೇಳಿ ಕಣ್ಣು ಮುಚ್ಚಿದಳು.

ಹನ್ನೆರಡು ಗಂಟೆಗೆ ಹೊರಗೆ ಹಾರ್ನ್ ಕೇಳಿಸಿತು. ಅವನೇ ಬೇಗ ಬಂದ ಎಂದು ಓಡಿದರೆ ಸರಬರಾಜಿನ ವ್ಯಾನು. ಚಾಲಕ ಎರಡು ಕೂಲೆಂಟ್ ಡಬ್ಬಿಗಳನ್ನು ನನ್ನ ಕೈಗೆ ಕೊಡುತ್ತಾ, "ಒಳ್ಳೇ ವ್ಯಾಪಾರ ಆಗುತ್ತೆ ಅಕ್ಕ ನಿಮಗೆ. ನಿನ್ನೆ ರಾತ್ರಿ ಬೆಟ್ಟದಾಚೆ ದಿಢೀರಂತ ಹಿಮಗಟ್ಟಿದೆಯಂತೆ. ನಲ್ಲಿ ಪೈಪೆಲ್ಲ ಒಡೆದುಹೋಗಿದೆ ಅಂತಿದ್ರು" ಎಂದ.

ಅವನು ಮುಂದೆ ಏನು ಹೇಳಿದನೋ ಕೇಳಿಸಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗೇ. ಆಗಬಹುದಾದದ್ದೆಲ್ಲ ಕಣ್ಣಿಗೆ ಕಟ್ಟಿತು. ರಾತ್ರಿ ನೀರು ಗಟ್ಟಿಯಾಗಿ ಕಬ್ಬಿಣ ಕೂದಲೆಳೆಯಷ್ಟು ಸೀಳಿರುತ್ತದೆ. ಬೆಳಿಗ್ಗೆ ಎಂಜಿನ್ ಹೊರಡುತ್ತದೆ, ಸ್ವಲ್ಪ ದೂರ ಚೆನ್ನಾಗಿಯೇ ಓಡುತ್ತದೆ. ಬಿಸಿಗೆ ಮಂಜುಗಡ್ಡೆ ಕರಗಿದ ಮೇಲೆ ಆ ಸೀಳಿನಿಂದ ನೀರೆಲ್ಲ ಸೋರಿಹೋಗುತ್ತದೆ. ಏರು ರಸ್ತೆಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ, ಹೊಗೆ ಬರುತ್ತದೆ, ಗಾಡಿ ನಿಲ್ಲುತ್ತದೆ. ಬೆಟ್ಟದ ಆ ಭಾಗದಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ ಕೂಡ ಇಲ್ಲ.

ಡಬ್ಬಿಗಳನ್ನು ನೆಲದ ಮೇಲೆ ಇಟ್ಟು ನಾನು ತಮ್ಮನಿಗೆ ಫೋನ್ ಮಾಡಿದೆ. ನನ್ನ ಫೋನಿನಿಂದ, ನನ್ನ ಕೈಯಿಂದ, ನಾಲ್ಕು ವರ್ಷದಲ್ಲಿ ಮೊದಲ ಸಲ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಮತ್ತೆ ಮಾಡಿದೆ. ಒಂದು ಗಂಟೆಯೊಳಗೆ ಹದಿನಾಲ್ಕು ಸಲ ಮಾಡಿದೆ. ಪಕ್ಕದ ಅಂಗಡಿಯ ಟೈಲರ್ ತನ್ನ ಸ್ಕೂಟರ್ ತೆಗೆದುಕೊಂಡು ಬೆಟ್ಟದ ಕಡೆ ಹೊರಟ, ಪಾಪ, ಏರು ಹತ್ತಲು ಸ್ಕೂಟರಿಗೆ ಆಗದೆ ಅರ್ಧ ದಾರಿಯಿಂದ ವಾಪಸ್ ಬಂದ. ಆಮೇಲೆ ಅಮ್ಮ ಕರೆದಳೆಂದು ಫೋನನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಹೋದೆ. ಅವಳು ನನ್ನ ಕೈ ಹಿಡಿದವಳು ಬಿಡಲಿಲ್ಲ.

"ಎಲ್ಲಿ ತನಕ ಬಂದ?" ಎಂದಳು.

"ದಾರಿಯಲ್ಲಿದಾನೆ."

"ನೀನು ಫೋನ್ ಮಾಡಿದ್ಯಾ?"

"ಹೂಂ, ಮಾಡ್ದೆ."

ಅವಳು ಕಣ್ಣು ಪೂರ್ತಿ ತೆರೆದಳು. "ನೀನೇ? ಎತ್ತಿದ್ನಾ?"

ನಾನು ಆ ಮುಖ ನೋಡಿದೆ. "ಎತ್ತಿದ" ಎಂದೆ.

"ಏನಂದ?"

"ಅಕ್ಕಾ ಅಂದ."

"ಅಷ್ಟೇನಾ?"

"ಇನ್ನೇನು ಬೇಕು ನಿನಗೆ? ಸುಮ್ನೆ ಮಲಕೋ" ಎಂದು ಆಗಲೂ ಗದರಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅಮ್ಮ ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು, ಸದ್ದಿಲ್ಲದೆ, ಗೆದ್ದವಳ ಹಾಗೆ ನಕ್ಕಳು. "ನಾನು ಶನಿವಾರವೇ ಹೇಳಿಬಿಟ್ಟಿದ್ರೆ ನೀನು ಮಾಡ್ತಿದ್ಯಾ ಫೋನು?" ಎಂದಳು. ನಾನು ಅವಳ ಬೆರಳುಗಳನ್ನು ಉಜ್ಜುತ್ತಾ ಕೂತೆ.

ಎರಡು ಗಂಟೆಯಾಯಿತು, ಮೂರಾಯಿತು. ಬೀದಿಯಲ್ಲಿ ಯಾವ ಗಾಡಿ ಹೋದರೂ ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳು. ಗಾಡಿಯ ಸದ್ದಿನಲ್ಲೇ ಅದು ಯಾವುದೆಂದು ಹೇಳಬಲ್ಲವಳು ನಾನು, ಒಂದೂ ಅವನದಲ್ಲ ಎಂದು ಮೊದಲೇ ಗೊತ್ತಾಗುತ್ತಿತ್ತು. ಮೂರೂವರೆಯ ಹೊತ್ತಿಗೆ ಅವಳು, "ಅವನ ಧ್ವನಿಯಾದ್ರೂ ಕೇಳಿಸು" ಎಂದಳು. ಡಾಕ್ಟರಮ್ಮ ಅಮ್ಮನ ಫೋನಿನಿಂದ ಮಾಡಿ ನೋಡಿದರು, ಲೈನ್ ಸಿಗಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಬಾಗಿಲ ಕಡೆ ಮುಖ ಮಾಡಿಕೊಂಡೇ ಅಮ್ಮ ಹೋದಳು. ಗಡಿಯಾರ ಎದುರಿಗೇ ಇತ್ತು, ಅದಕ್ಕೆ ಅಷ್ಟು ಸರಿಯಾಗಿ ಗೊತ್ತು.

ಐದೂವರೆಗೆ ತರಕಾರಿ ಲಾರಿಯೊಂದು ವರ್ಕ್‌ಶಾಪಿನ ಮುಂದೆ ನಿಂತಿತು. ತಮ್ಮ ಇಳಿದ. ಪ್ಯಾಂಟು ಮಂಡಿಯ ತನಕ ಕೆಸರಾಗಿತ್ತು, ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿದ್ದಾನೆ ಎಂದು ನೋಡಿದ ಕೂಡಲೇ ತಿಳಿಯಿತು. ಬಿಸಿ ಇರುವಾಗ ಮುಚ್ಚಳ ಮುಟ್ಟಬಾರದು ಎಂಬುದು ನಾವಿಬ್ಬರೂ ಕಲಿತ ಮೊದಲ ಪಾಠ. ಅವನು ಯಾರನ್ನೂ ಏನೂ ಕೇಳದೆ ನೇರವಾಗಿ ಒಳಗೆ ಹೋಗಿ ಅಮ್ಮನ ಕಾಲ ಬಳಿ ಕೂತ. ಅವಳ ಮುಖ ನೋಡುತ್ತಾ, "ಅಮ್ಮಾ, ಅವಳಿಗೆ ಹೇಳು, ಗಾಡಿ ಅರ್ಧ ಏರಿನಲ್ಲಿ ನಿಂತುಹೋಯ್ತು ಅಂತ" ಎಂದ.

"ನನಗೇ ಹೇಳೋ" ಎಂದೆ. ಅಷ್ಟು ಹೇಳಿದ್ದೇ ತಡ, ತಡೆದಿದ್ದ ಅಳುವೆಲ್ಲ ಒಮ್ಮೆಗೇ ನುಗ್ಗಿತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ನೀರು ತುಂಬಿದ್ದು ನಾನು, ಹೇಳು ಎಂದು ಅಮ್ಮ ಅಂಗಲಾಚಿದ್ದು ನನ್ನನ್ನು, ಭಾನುವಾರ ಚಾಚಿದ ಫೋನ್ ಬಿಟ್ಟು ಎದ್ದುಹೋದವಳು ನಾನು. "ಅಮ್ಮನ್ನ ನಿನಗೆ ತಪ್ಪಿಸಿದವಳು ನಾನು" ಎಂದೆ.

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

"ನನಗೆ ಗೊತ್ತಿತ್ತು" ಎಂದ. "ಶನಿವಾರ ಊರು ಮುಟ್ಟಿದ ಮೇಲೆ ಬಾನೆಟ್ ಎತ್ತಿ ನೋಡ್ದೆ. ಟ್ಯಾಂಕಲ್ಲಿ ನೀರು ತಿಳಿಯಾಗಿ ಕಾಣ್ತಿತ್ತು. ಅಂಗಡೀಲಿ ಒಂದು ಡಬ್ಬಿ ಕೂಲೆಂಟೂ ಇತ್ತು, ಸರಿಯಾದದ್ದೇ. ಕೈಗೆ ತಗೊಂಡೆ ಕೂಡ."

"ಮತ್ತೆ ಯಾಕೋ ಹಾಕಲಿಲ್ಲ?"

"ನೀನು ಹಾಕಿದ್ದರ ಮೇಲೆ ಕೈ ಹಾಕಬೇಡ ಅಂದಿದ್ದೆಯಲ್ಲ. ಅಕ್ಕ ಹಾಕಿದಾಳೆ, ಏನೋ ಕಾರಣ ಇರುತ್ತೆ, ಭಾನುವಾರ ಅಮ್ಮ ಹೇಳ್ತಾಳೆ ಅಂದ್ಕೊಂಡೆ."

ಡಾಕ್ಟರಮ್ಮ ಅವನ ಕೈಗೆ ಮದ್ದು ಹಚ್ಚಿ ಹೋದರು. ನಾವಿಬ್ಬರೂ ಮಂಚದ ಆಚೆ ಈಚೆ ಕೂತೆವು. ಅವನು ಹೇಳುತ್ತಾ ಹೋದ. ಗಾಡಿ ಬಿಟ್ಟು ಎರಡು ಗಂಟೆ ನಡೆದನಂತೆ, ಆಮೇಲೆ ಲಾರಿ ಸಿಕ್ಕಿತಂತೆ. "ಮೂರು ಗಂಟೆ ಹೊತ್ತಿಗೆ ತಿರುವಿನ ಹತ್ತಿರ ಒಂದೈದು ನಿಮಿಷ ಸಿಗ್ನಲ್ ಬಂತು. ಅಮ್ಮನ ಹತ್ರ ಮಾತಾಡೋಣ ಅಂತ ಫೋನ್ ತೆಗೆದ್ರೆ ಹದಿನಾಲ್ಕು ಸಲ ಕರೆ ಬಂದಿತ್ತು ಅಂತ ತೋರಿಸ್ತು. ಎಲ್ಲಾ ನಿನ್ನ ಹೆಸರು" ಎಂದ. "ಅಲ್ಲೇ ಗೊತ್ತಾಯ್ತು, ಅಮ್ಮ ಇಲ್ಲ ಅಂತ. ಅಮ್ಮ ಇದ್ದಿದ್ರೆ ನೀನ್ಯಾಕೆ ನನಗೆ ಫೋನ್ ಮಾಡ್ತಿದ್ದೆ? ಇನ್ಯಾರ ಹತ್ರ ಮಾತಾಡೋದು ಅಂತ ಫೋನ್ ಆಫ್ ಮಾಡಿ ಜೇಬಿಗೆ ಹಾಕ್ಕೊಂಡೆ."

ನಾನು ಮಂಚದ ಕಟ್ಟನ್ನು ಹಿಡಿದುಕೊಂಡೆ.

ಅವನು ಅಮ್ಮನ ಹೊದಿಕೆಯ ಅಂಚು ಸರಿಮಾಡುತ್ತಾ, "ಎಷ್ಟು ಗಂಟೆಗೆ ಹೋದ್ಲು?" ಎಂದು ಕೇಳಿದ.

"ಒಂದು ಗಂಟೆಗೆ" ಎಂದೆ.

ಡಾಕ್ಟರಮ್ಮನಿಗೂ ಟೈಲರ್‌ಗೂ ಹಾಗೆಯೇ ಹೇಳಬೇಕೆಂದು ಕೈ ಮುಗಿದು ಕೇಳಿಕೊಂಡಿದ್ದೇನೆ. ಈಗ ಅವನು ಪ್ರತಿ ಭಾನುವಾರ ಐದು ಗಂಟೆಗೆ ನನಗೆ ಫೋನ್ ಮಾಡುತ್ತಾನೆ, ನಾವು ಎಲ್ಲವನ್ನೂ ಮಾತಾಡುತ್ತೇವೆ. ಆ ನಾಲ್ಕು ಗಂಟೆ ಹತ್ತು ನಿಮಿಷದ ವಿಷಯವೊಂದನ್ನು ಮಾತ್ರ ನಾನು ಅವನಿಗೆ ಹೇಳಿಲ್ಲ.